ಊರಿನ ಕಥೆಗೊಂದು ಕಿರು ಸಾಕ್ಷ್ಯಚಿತ್ರ: ಕಂಬಳವೋ ಗಜನಿಯೋ, ಫೋನೋ ಕ್ಯಾಮೆರಾವೋ?

ಡಾಕ್ಯುಮೆಂಟರಿ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು "ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ. ನನ್ನ ಪ್ರಕಾರ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು ಇದು: ಆ ಊರಿಗೆ, ಆ ಜನರ ಹತ್ತಿರ ನಾನು ಮತ್ತೆ ಮತ್ತೆ ಹೋಗೋಕೆ ಆಗುತ್ತಾ? ಇದಕ್ಕೆ ಉತ್ತರ ಗೊತ್ತಾದರೆ ವಿಷಯ, ಉದ್ದ, ಸಲಕರಣೆ, ದುಡ್ಡು ಎಲ್ಲವೂ ಅರ್ಧ ತೀರ್ಮಾನವಾದಂತೆಯೇ.

ಇಲ್ಲಿ ಹೇಳುತ್ತಿರುವುದು ಐದು ನಿಮಿಷದಿಂದ ಅರ್ಧ ಗಂಟೆಯೊಳಗಿನ ಚಿತ್ರಗಳ ಮಾತು. ಒಬ್ಬರೋ ಇಬ್ಬರೋ ಸೇರಿ, ಜಾಸ್ತಿ ದುಡ್ಡಿಲ್ಲದೆ, ನಮ್ಮ ಕಡೆಯ ಒಂದು ಆಚರಣೆ, ಒಂದು ಕಸುಬು, ಒಂದು ಕೆರೆ, ಒಂದು ಹೊಳೆಯ ಬಗ್ಗೆ ಮಾಡುವಂಥವು.

ಹಬ್ಬವೋ, ಕಸುಬೋ, ನೆಲವೋ

ಸಂಸ್ಕೃತಿ ಅಂದ ಕೂಡಲೇ ಎಲ್ಲರ ಕಣ್ಣು ಜಾತ್ರೆ, ಕಂಬಳ, ಕೋಲ, ಕರಗದ ಕಡೆಗೆ ಹೋಗುತ್ತದೆ. ಬಣ್ಣ ಇದೆ, ಜನ ಇದ್ದಾರೆ, ವಾದ್ಯ ಇದೆ. ಒಂದೇ ದಿನದಲ್ಲಿ ಶೂಟಿಂಗ್ ಮುಗಿಯುತ್ತದೆ. ಸುಲಭ ಅನ್ನಿಸುವುದು ಅದಕ್ಕೇ. ಆದರೆ ಹೊಸಬರ ಪಾಲಿಗೆ ಇದೇ ಎಲ್ಲಕ್ಕಿಂತ ಕಷ್ಟದ ವಿಷಯ.

ಕಂಬಳವನ್ನೇ ನೋಡಿ. ಚಳಿಗಾಲ ಶುರುವಾದರೆ ಬೇಸಿಗೆ ಬರುವ ತನಕ ಕರಾವಳಿಯಲ್ಲಿ ವಾರಾಂತ್ಯ ಬಂತೆಂದರೆ ಎಲ್ಲೋ ಒಂದು ಕಡೆ ಕಂಬಳ ಇರುತ್ತದೆ. ಒಂದು ಜೋಡಿ ಕೋಣ ಕರೆಯ (ಅವು ಓಡುವ ಕೆಸರಿನ ಅಂಕಣ) ಈ ತುದಿಯಿಂದ ಆ ತುದಿ ಮುಟ್ಟಲು ಹತ್ತು-ಹದಿನೈದು ಸೆಕೆಂಡು ಸಾಕು. ಅಷ್ಟರಲ್ಲಿ ನಿಮ್ಮ ಅಕ್ಕಪಕ್ಕ ಇನ್ನೂ ಎಷ್ಟೋ ಜನ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಎಲ್ಲರಿಗೂ ಸಿಗುವುದು ಅದೇ ಶಾಟ್. ಕೆಸರು ಚಿಮ್ಮುತ್ತದೆ, ಓಡಿಸುವವನ ತೋಳು ಬಿಗಿಯುತ್ತದೆ, ಎಲ್ಲ ಸ್ಲೋ ಮೋಷನ್. ನೋಡಲು ಚೆಂದ, ನಿಜ. ಆದರೆ ಅದನ್ನು ಜನ ಈಗಾಗಲೇ ಬೇಕಾದಷ್ಟು ನೋಡಿದ್ದಾರೆ. ಕಂಬಳದ ಒಳ್ಳೆಯ ಚಿತ್ರ ಇರುವುದು ಕರೆಯ ಹೊರಗೆ. ಕೋಣಗಳ ಹಟ್ಟಿಯಲ್ಲಿ, ಅವಕ್ಕೆ ಬೇಯಿಸುವ ಹುರುಳಿಯಲ್ಲಿ, ಮೈಗೆ ಎಣ್ಣೆ ತಿಕ್ಕುವ ಕೈಯಲ್ಲಿ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳಕ್ಕೆ ಕಾನೂನಿನ ತೊಡಕು ಬಂತು. 2017ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಷ್ಟೂ ವರ್ಷ ಓಟ ಇರುತ್ತೋ ಇಲ್ಲವೋ ಗೊತ್ತಿಲ್ಲದೆ ಕೋಣ ಸಾಕಿದ ಮನೆಯವರು ಹೇಗಿದ್ದರು? ಅದನ್ನು ಹಿಡಿಯಬೇಕಾದರೆ ಕಂಬಳ ಇಲ್ಲದ ಮಳೆಗಾಲದಲ್ಲೂ ಆ ಮನೆಗೆ ಹೋಗಬೇಕು. ಒಂದು ದಿನದ ಶೂಟಿಂಗ್ ಅಂದುಕೊಂಡದ್ದು ಒಂದು ವರ್ಷದ ಕೆಲಸವಾಯಿತು, ಅಲ್ವಾ?

ಕಸುಬು ಹಾಗಲ್ಲ. ಅದಕ್ಕೆ ಶುರು, ನಡು, ಕೊನೆ ತಾನಾಗಿಯೇ ಇರುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವವರ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಗೊತ್ತಾಗುತ್ತದೆ. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಲು ಬಿಡುತ್ತಾರೆ. ಉಳಿ ತಾಗಿದ ಕಡೆ ಬಿಳಿ ಹೊಟ್ಟು ಸುರುಳಿ ಸುರುಳಿಯಾಗಿ ಏಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಕೇದಗೆ ಜಾತಿಯ ಒಣ ಗರಿ ಒತ್ತಿ ಹಿಡಿದರೆ ಮಂಕಾಗಿದ್ದ ಬಣ್ಣ ಫಳ್ ಅಂತ ಹೊಳೆಯುತ್ತದೆ. ಇಷ್ಟೂ ಒಂದೇ ಕೋಣೆಯಲ್ಲಿ, ಕೆಲವೇ ನಿಮಿಷದಲ್ಲಿ. ಒಂದು ಶಾಟ್ ತಪ್ಪಿದರೆ ಚಿಂತೆಯಿಲ್ಲ, ಮುಂದಿನ ಗೊಂಬೆಯಲ್ಲಿ ಮತ್ತೆ ಸಿಗುತ್ತದೆ. ಬೀದರಿನ ಬಿದ್ರಿ ಕೆಲಸ, ಕಿನ್ನಾಳದ ಗೊಂಬೆ, ಇಳಕಲ್ಲಿನ ಮಗ್ಗ, ತೊಗಲು ಗೊಂಬೆಯ ಚರ್ಮ ಕೊರೆಯುವುದು, ಎಲ್ಲಕ್ಕೂ ಈ ಅನುಕೂಲ ಇದೆ.

ಆದರೆ ಕಸುಬಿನ ಚಿತ್ರಕ್ಕೊಂದು ಗುಂಡಿಯೂ ಇದೆ. "ಹೀಗೆ ಮಾಡುತ್ತಾರೆ" ಅಂತ ತೋರಿಸಿ ಮುಗಿಸಿಬಿಟ್ಟರೆ ಅದು ಕಾರ್ಖಾನೆಯ ವಿಡಿಯೋ ಆಗುತ್ತದೆ. ಕೊಳ್ಳುವವರು ಯಾರು, ಒಂದು ಗೊಂಬೆಗೆ ಕೈಗೆ ಬರುವುದೆಷ್ಟು, ಹಾಲೆ ಮರ ಎಲ್ಲಿಂದ ತರುತ್ತಾರೆ, ಮಕ್ಕಳು ಈ ಕೆಲಸಕ್ಕೆ ಬಂದರಾ? ಇವು ಮೊದಲ ದಿನ ಕೇಳುವ ಪ್ರಶ್ನೆಗಳಲ್ಲ. ಎರಡನೆಯ, ಮೂರನೆಯ ಸಲ ಹೋದಾಗ ಕೇಳದೆಯೇ ಉತ್ತರ ಬರುತ್ತದೆ.

ಇನ್ನು ನೆಲ, ನೀರು, ಕಾಡಿನ ಕಥೆ. ಇದು ನಿಧಾನದ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯನ್ನು ತಗೊಳ್ಳಿ. ಶಿರಸಿಯ ಕಡೆಯಿಂದ ಹರಿದು ಬರುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದು ಸಮುದ್ರ ಸೇರುವ ಅಳಿವೆ ಪ್ರದೇಶ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಗಜನಿ ಗದ್ದೆಗಳಲ್ಲಿ (ಕಡಲ ಉಪ್ಪು ನೀರು ಬಂದು ಹೋಗುವ ತಗ್ಗಿನ ಗದ್ದೆಗಳು) ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಪೈರು ಏಳುತ್ತದೆ. ಮಳೆಗಾಲ ಕಳೆದ ಮೇಲೆ ಕೊಯ್ಲು. ಆಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಂದು ಸಿಗಡಿ, ಮೀನು ಸಿಗುತ್ತದೆ. ಜೂನ್‌ನಲ್ಲಿ ಒಮ್ಮೆ ಹೋಗಿ ಬಂದರೆ ಬರೀ ಕೆಸರು, ಜನವರಿಯಲ್ಲಿ ಮಾತ್ರ ಹೋದರೆ ಬರೀ ನೀರು. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಚಿತ್ರ ಹುಟ್ಟುವುದು.

ಅದೇ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ನೀರಿಗಿಳಿದು ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾರೆ. ಇದನ್ನು ಶೂಟ್ ಮಾಡಬೇಕಾದರೆ ಗಡಿಯಾರಕ್ಕಿಂತ ಭರತ-ಇಳಿತದ ಪಟ್ಟಿ ಮುಖ್ಯ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಎಂಟು ಗಂಟೆಗೆ ಕಂಡದ್ದು ಇನ್ನು ನಾಲ್ಕು ದಿನ ಬಿಟ್ಟರೆ ಅದೇ ಎಂಟಕ್ಕೆ ಕಾಣುವುದಿಲ್ಲ. ಬೆಳಗಿನ ಹಳದಿ ಬೆಳಕೂ ಇಳಿತವೂ ಒಂದೇ ಹೊತ್ತಿಗೆ ಕೂಡಿ ಬರುವುದು ತಿಂಗಳಲ್ಲಿ ಕೆಲವೇ ದಿನ. ಊರಿನವರಿಗೆ ಇದು ಬಾಯಿಪಾಠ. ಹೊರಗಿನಿಂದ ಹೋದವರು ಕೇಳಿ ತಿಳಿದುಕೊಳ್ಳಬೇಕು.

ಹಾಗಾದರೆ ಯಾವುದು? ವಾರಾಂತ್ಯ ಮಾತ್ರ ಬಿಡುವಿದ್ದರೆ ಮನೆಗೆ ಹತ್ತಿರದ ಒಂದು ಕಸುಬು. ಎಲ್ಲ ಋತುವಿನಲ್ಲೂ ಹೋಗಿ ಬರಬಹುದಾದರೆ ನೆಲದ ಕಥೆ. ಹಬ್ಬವೇ ಬೇಕು ಅಂತಿದ್ದರೆ ನಿಮ್ಮದೇ ಊರಿನ ಹಬ್ಬ ಆಗಿರಲಿ, ಇಲ್ಲದಿದ್ದರೆ ಬಿಡಿ. ವಿದೇಶದಿಂದ ಕೆಲವು ವಾರದ ರಜೆಗೆ ಬರುವ ಕನ್ನಡಿಗರು ಊರೂರು ಸುತ್ತುವ ಬದಲು ಒಬ್ಬರೇ ವ್ಯಕ್ತಿಯ ಹಿಂದೆ ಬೀಳುವುದು ಒಳ್ಳೆಯದು. ಅಜ್ಜಿಯೇ ಆಗಬಹುದು. ಅವರ ಜೊತೆ ನಿಮ್ಮ ಮಾತು ಹೇಗೂ ಫೋನಿನಲ್ಲಿ ವರ್ಷವಿಡೀ ನಡೆದೇ ಇರುತ್ತದಲ್ಲ.

ನೆಲದ ಕಥೆಯೂ ಜನರ ಬದುಕೂ ಒಟ್ಟಿಗೆ ಸಿಗುವ ಜಾಗಗಳೂ ಇವೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರಿನ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜಗಲಿ, ಕೊಟ್ಟಿಗೆ, ಶಾಲೆಗೆ ಹೋಗುವ ಮಕ್ಕಳು. ಮೇಲೆ ಮರಿಗಳ ಗಲಾಟೆ. ಪಕ್ಷಿಯನ್ನು ಜೂಮ್ ಹಾಕಿ ಹಿಡಿಯುವವರು ಬೇಕಾದಷ್ಟಿದ್ದಾರೆ. ಗೂಡಿನ ಕೆಳಗೆ ಅಂಗಳ ಗುಡಿಸುವವರ ಮುಖ ಹಿಡಿದವರು ಕಡಿಮೆ.

ಕಥೆ ಹೇಳುವುದು ಯಾರು

ನಿರೂಪಣೆ ಇರಬೇಕಾ ಬೇಡವಾ ಅನ್ನುವುದು ಮುಂದಿನ ಆಯ್ಕೆ. 1948ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನ ಚಿತ್ರಗಳನ್ನು ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ನೋಡಿ ಬೆಳೆದ ತಲೆಮಾರಿಗೆ, ಆಮೇಲೆ ದೂರದರ್ಶನ ನೋಡಿದವರಿಗೆ, ಡಾಕ್ಯುಮೆಂಟರಿ ಅಂದರೆ ಒಂದು ಗತ್ತಿನ ಗಂಡು ದನಿ. ಆ ದನಿ ಈಗಲೂ ನಮ್ಮನ್ನು ಬಿಟ್ಟಿಲ್ಲ. "ಪ್ರಕೃತಿ ಮಾತೆಯ ಮಡಿಲಲ್ಲಿ, ಹಚ್ಚ ಹಸಿರಿನ ಸೊಬಗಿನ ನಡುವೆ" ಅಂತ ಶುರುವಾದರೆ ಮುಗೀತು, ನೋಡುವವರು ಇನ್ನೊಂದು ವಿಡಿಯೋಗೆ ಹೋಗಿರುತ್ತಾರೆ. ಹಸಿರು ಕಣ್ಣಿಗೆ ಕಾಣುತ್ತಿರುವಾಗ ಅದನ್ನು ಬಾಯಲ್ಲಿ ಹೇಳುವ ಅಗತ್ಯ ಏನು?

ನಿರೂಪಣೆ ಬೇಕಾಗುವುದು ಕಣ್ಣಿಗೆ ಕಾಣದ್ದನ್ನು ಹೇಳಲು. ಕೋರ್ಟ್ ಕೇಸು, ಹಿಂದಿನ ಕಾಲದ ಒಡೆತನ, ಬೇರೆಲ್ಲೋ ಕೂತು ಮಾಡಿದ ಯೋಜನೆ. ಅಂಥ ಸಂಗತಿ ಎರಡು ಮೂರೇ ಇದ್ದರೆ ಪರದೆಯ ಮೇಲೆ ಬರಹ ಹಾಕಿದರೂ ಸಾಕು. ಜಾಸ್ತಿ ಇದ್ದರೆ ನಿಮ್ಮದೇ ದನಿಯಲ್ಲಿ, ನೀವು ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೇಳಿ. ಬರೆದುಕೊಂಡು ಓದುವ ಬದಲು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಹೇಳುತ್ತಾ ರೆಕಾರ್ಡ್ ಮಾಡಿದರೆ ವಾಕ್ಯಗಳು ತಾವಾಗಿಯೇ ಚಿಕ್ಕದಾಗುತ್ತವೆ.

ಸಂದರ್ಶನದ ದಾರಿ ಹೆಚ್ಚಿನವರು ಹಿಡಿಯುವ ದಾರಿ. ಇದರಲ್ಲಿ ನಮ್ಮ ಕಡೆ ಎರಡು ತೊಂದರೆ ಖಾಯಂ. ಒಂದು, ಕ್ಯಾಮೆರಾ ಕಂಡ ಕೂಡಲೇ ಜನ ಭಾಷಣದ ಕನ್ನಡಕ್ಕೆ ತಿರುಗುತ್ತಾರೆ. ಐದು ನಿಮಿಷದ ಹಿಂದೆ ಚಹಾ ಕುಡಿಯುತ್ತಾ ಸೊಗಸಾಗಿ ಕಥೆ ಹೇಳಿದವರೇ "ಈ ಒಂದು ಸಂದರ್ಭದಲ್ಲಿ ನಾನು ತಿಳಿಸಲು ಇಚ್ಛಿಸುವುದೇನೆಂದರೆ" ಅಂತ ಶುರು ಮಾಡುತ್ತಾರೆ. ಇದಕ್ಕೆ ಮದ್ದು, ಅವರ ಕೈಗೆ ಕೆಲಸ ಬಿಡಿಸದಿರುವುದು. ಬಲೆ ಹೆಣೆಯುತ್ತಾ, ಅಡಿಕೆ ಸುಲಿಯುತ್ತಾ, ಮಗ್ಗದ ಮುಂದೆ ಕೂತು ಮಾತಾಡಲಿ. ಕೈ ಕೆಲಸದಲ್ಲಿದ್ದರೆ ನಾಲಿಗೆ ಮನೆಮಾತಿಗೆ ಬರುತ್ತದೆ. ಎರಡನೆಯ ತೊಂದರೆ ಇನ್ನೂ ದೊಡ್ಡದು. ಕೆಲಸ ಮಾಡುವುದು ಹೆಂಗಸರು, ಮಾತಾಡಲು ಬರುವುದು ಗಂಡಸರು. ಚಿಪ್ಪಿಕಲ್ಲಿನ ಬಗ್ಗೆ ಕೇಳಿದರೆ ನೀರಿಗಿಳಿಯದ ಅಣ್ಣ ಬಂದು ಕುರ್ಚಿಯಲ್ಲಿ ಕೂತಿರುತ್ತಾನೆ. ಅವನ ಮಾತನ್ನೂ ಮರ್ಯಾದೆಯಿಂದ ರೆಕಾರ್ಡ್ ಮಾಡಿಕೊಳ್ಳಿ, ಪರವಾಗಿಲ್ಲ. ಮುಂದಿನ ಸಲ ಅವನು ಪೇಟೆಗೆ ಹೋದ ಹೊತ್ತು ನೋಡಿ ಹೋಗಿ. ತಂಡದಲ್ಲಿ ಒಬ್ಬ ಹೆಂಗಸು ಇದ್ದರೆ ಅರ್ಧ ಕಷ್ಟ ಕಡಿಮೆ.

ಪ್ರಶ್ನೆ ಕೇಳುವಾಗ "ನೀರು ಕಡಿಮೆಯಾಗಿದೆಯಾ?" ಅಂದರೆ "ಹೌದು" ಅಂತ ಬರುತ್ತದೆ. ಆ ಹೌದನ್ನು ಎಡಿಟಿಂಗ್‌ನಲ್ಲಿ ಎಲ್ಲಿ ಇಡುತ್ತೀರಿ? "ನೀವು ಮದುವೆಯಾಗಿ ಬಂದಾಗ ಈ ಹೊಳೆ ಹೇಗಿತ್ತು?" ಅಂತ ಕೇಳಿ, ಸುಮ್ನೆ ಕೂತುಬಿಡಿ. ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಕ್ಯಾಮೆರಾ ಓಡುತ್ತಿರಲಿ. ಒಳ್ಳೆಯ ಮಾತು ಹೆಚ್ಚಾಗಿ ಆಗ ಬರುತ್ತದೆ.

ನಿರೂಪಣೆಯೂ ಇಲ್ಲದೆ, ಸಂದರ್ಶನವೂ ಇಲ್ಲದೆ ಬರೀ ನೋಡುತ್ತಾ ಹೋಗುವ ಶೈಲಿಯೂ ಇದೆ. ಸರಿಯಾಗಿ ಬಂದರೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ಜನ ನಿಮ್ಮನ್ನು ಮರೆತು ತಮ್ಮ ಪಾಡಿಗೆ ಇರುವಷ್ಟು ದಿನ ನೀವು ಅಲ್ಲಿ ಇರಬೇಕು. ಎರಡು ದಿನದಲ್ಲಿ ಮಾಡಲು ಹೊರಟರೆ ಉಳಿಯುವುದು ಸುಂದರವಾದ ಶಾಟ್‌ಗಳ ಮೂಟೆ ಅಷ್ಟೇ. ಕ್ಯಾಮೆರಾ ಮುಂದೆ ನೀವೇ ನಿಂತು ಊರು ತೋರಿಸುವ ವ್ಲಾಗ್ ಶೈಲಿಗೆ ಯೂಟ್ಯೂಬ್‌ನಲ್ಲಿ ಬೇಗ ಜನ ಸಿಗುತ್ತಾರೆ. ನಿಮ್ಮ ಮುಖ ಎಷ್ಟು ಹೊತ್ತು ಕಂಡಿತು, ಊರಿನವರ ಮುಖ ಎಷ್ಟು ಹೊತ್ತು ಕಂಡಿತು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಎಷ್ಟು ಉದ್ದ

ಮೊದಲ ಚಿತ್ರ 8ರಿಂದ 12 ನಿಮಿಷ ಇರಲಿ. ಐದು ನಿಮಿಷದಲ್ಲಿ ಒಂದು ಕೆಲಸ ತೋರಿಸಬಹುದು, ಒಬ್ಬ ಮನುಷ್ಯನ ಪರಿಚಯ ಆಗುವುದು ಕಷ್ಟ. 20 ದಾಟಿದರೆ ಒಂದು ತಿರುವು ಬೇಕಾಗುತ್ತದೆ, ಏನೋ ಬದಲಾಗಬೇಕು. ಅರ್ಧ ಗಂಟೆ ಅನ್ನುವುದು ಟಿವಿಯ ಅಳತೆ, ಟಿವಿಗೆ ಮಾಡದವರಿಗೆ ಅದರ ಹಂಗಿಲ್ಲ. ಆಸ್ಕರ್‌ನಲ್ಲಿ 40 ನಿಮಿಷದ ತನಕ ಕಿರು ಸಾಕ್ಷ್ಯಚಿತ್ರ ಅಂತಲೇ ಲೆಕ್ಕ. ಹಾಗಂತ ಎಳೆಯಬೇಕಾಗಿಲ್ಲ.

ಫೋನೋ, ಕ್ಯಾಮೆರಾವೋ

ಕೈಯಲ್ಲಿ ಈಗಾಗಲೇ ಒಂದು ಒಳ್ಳೆಯ ಫೋನ್ ಇದ್ದರೆ ಮೊದಲ ಚಿತ್ರ ಅದರಲ್ಲೇ ಮಾಡಿ. ದುಡ್ಡು ಉಳಿಯುವುದು ಒಂದು ಕಾರಣ. ದೊಡ್ಡ ಕಾರಣ, ಫೋನ್ ಕಂಡರೆ ಜನ ಹೆದರುವುದಿಲ್ಲ. ದೊಡ್ಡ ಲೆನ್ಸ್ ಹೊರಗೆ ಬಂದರೆ "ಯಾವ ಚಾನೆಲ್?" ಅನ್ನುವ ಪ್ರಶ್ನೆ ಬರುತ್ತದೆ, ಅಂಗಿ ಬದಲಿಸಲು ಒಳಗೆ ಹೋಗುತ್ತಾರೆ. ಫೋನಿಗೆ ಆ ಕಾಟ ಇಲ್ಲ.

ಫೋನ್ ಸೋಲುವ ಜಾಗಗಳೂ ಇವೆ. ಹಕ್ಕಿ, ಕಾಡುಪ್ರಾಣಿಗೆ ಅದು ಆಗುವುದಿಲ್ಲ, ಉದ್ದದ ಟೆಲಿ ಲೆನ್ಸ್ ಬೇಕೇ ಬೇಕು. ರಾತ್ರಿಯ ಯಕ್ಷಗಾನದಲ್ಲಿ ರಂಗದ ಮೇಲೆ ಬೆಳಕು ಚೆಲ್ಲಿರುತ್ತದೆ, ಸುತ್ತ ಕತ್ತಲೆ. ಅಲ್ಲಿ ವೇಷಧಾರಿಯ ಮುಖದ ಬಣ್ಣ ಫೋನಿನಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ 4ಕೆ (ತುಂಬ ಸ್ಪಷ್ಟವಾದ, ದೊಡ್ಡ ಅಳತೆಯ ವಿಡಿಯೋ) ಹಾಕಿ ಶೂಟ್ ಮಾಡಿದರೆ ಫೋನ್ ಕಾದು ನಿಂತುಬಿಡುತ್ತದೆ. 4ಕೆ ಗಂಟೆಗೆ ಸುಮಾರು 10 ಜಿಬಿ ನುಂಗುತ್ತದೆ, ಕೆಲವು ಸೆಟ್ಟಿಂಗ್‌ಗಳಲ್ಲಿ ಇನ್ನೂ ಜಾಸ್ತಿ. ಸಂಜೆ ಖಾಲಿ ಮಾಡಿಕೊಳ್ಳಲು ಲ್ಯಾಪ್‌ಟಾಪ್ ಅಥವಾ ಎಸ್‌ಎಸ್‌ಡಿ ಜೊತೆಗಿರಬೇಕು.

ಫೋನಾದರೂ ಕ್ಯಾಮೆರಾ ಆದರೂ ಒಂದು ಸೆಟ್ಟಿಂಗ್ ಮರೆಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬಿನ ಕೆಳಗೆ ಶೂಟ್ ಮಾಡುವಾಗ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಚಿತ್ರ ಮಿನುಗುವುದಿಲ್ಲ. ಫೋನಿನ ಮಾಮೂಲಿ ಕ್ಯಾಮೆರಾ ಆ್ಯಪ್ ಫ್ರೇಮ್ ದರವನ್ನು ತನಗೆ ತೋಚಿದಂತೆ ಏರಿಳಿಸುತ್ತದೆ. ಎಡಿಟಿಂಗ್‌ಗೆ ಕೂತಾಗ ತುಟಿಗೂ ಮಾತಿಗೂ ತಾಳ ತಪ್ಪುವುದು ಹೆಚ್ಚಾಗಿ ಇದರಿಂದಲೇ. ದರವನ್ನು ಕಟ್ಟಿ ಹಾಕುವ ಆ್ಯಪ್ ಬಳಸಿ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಮೈಕಿಗೆ ಮಾಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಸ್ವಲ್ಪ ಅಲುಗಾಡಿದ ಚಿತ್ರವನ್ನು ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಕಾಲರ್‌ಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ಮತ್ತು ಎದುರಿನ ಕಡೆಯ ಸದ್ದನ್ನು ಹಿಡಿಯುವ ಉದ್ದನೆಯ ಶಾಟ್‌ಗನ್ ಮೈಕ್, ಇವೆರಡರಲ್ಲಿ ಮೊದಲು ಯಾವುದು ಅಂದರೆ ವೈರ್‌ಲೆಸ್. ಗದ್ದೆಯಲ್ಲಿ ದೂರ ನಿಂತು ಕೆಲಸ ಮಾಡುವವರ ಮಾತೂ ಅದರಲ್ಲಿ ಸಿಗುತ್ತದೆ. ಆದರೆ ಅದು ಕೊಡುವುದು ಒಬ್ಬರ ದನಿ ಮಾತ್ರ. ಲೇತಿನ ಗುಂಯ್ ಸದ್ದು, ಚಿಪ್ಪಿ ಬುಟ್ಟಿಗೆ ಬೀಳುವ ಸದ್ದು, ಕೊಕ್ಕರೆ ಮರಿಗಳ ಗದ್ದಲ ಬೇಕಾದರೆ ಶಾಟ್‌ಗನ್ ಅಥವಾ ಚಿಕ್ಕ ರೆಕಾರ್ಡರ್ ಬೇಕು. ಕಡಲ ಹತ್ತಿರ ಹೋಗುವವರು ಮೈಕಿಗೆ ಹಾಕುವ ತುಪ್ಪಳದ ಟೋಪಿ ತಪ್ಪಿಸಬೇಡಿ, ಇಲ್ಲವಾದರೆ ಗಾಳಿಯ ಬುಸುಬುಸು ಬಿಟ್ಟು ಬೇರೇನೂ ಇರುವುದಿಲ್ಲ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಕಟ್‌ಗಳನ್ನು ಬೆಸೆಯಲು ಅದೇ ಅಂಟು.

ಡ್ರೋನ್ ಬಗ್ಗೆ ನನಗೆ ಸ್ವಲ್ಪ ತಾತ್ಸಾರ ಇದೆ, ಮುಚ್ಚಿಡುವುದಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಊರೂ ಚೆಂದವೇ. ಗಜನಿಯ ಒಡ್ಡು, ನೀರಿನ ದಾರಿ ಅರ್ಥ ಮಾಡಿಸಲು ಒಂದು ಶಾಟ್ ಬೇಕಾಗಬಹುದು, ಅದಕ್ಕಿಂತ ಜಾಸ್ತಿ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಹಾಗಂತ ಎಲ್ಲಿ ಬೇಕಾದರೂ ಹಾರಿಸುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡಿಯೇ ಹೊರಡಿ. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುಸ್ಥಾವರ ಇರುವ ಉತ್ತರ ಕನ್ನಡದಲ್ಲಂತೂ ಇದು ಹುಡುಗಾಟದ ಮಾತಲ್ಲ. ಗೂಡುಕಟ್ಟುವ ಕಾಲದಲ್ಲಿ ಹಕ್ಕಿಗಳ ಹತ್ತಿರ ಡ್ರೋನ್ ಬಿಡಲೇಬೇಡಿ.

ಅನುಮತಿ: ಕಾಗದದ್ದು, ಮನಸ್ಸಿನದ್ದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಚಿತ್ರೀಕರಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಸಫಾರಿ ಟಿಕೆಟ್ ತೋರಿಸಿದರೆ ಸಾಲದು. ಹಂಪಿ, ಬಾದಾಮಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯದ್ದು ಬೇಕು. ಈ ಅರ್ಜಿಗಳಿಗೆ ಸಮಯ ಹಿಡಿಯುತ್ತದೆ. ಮೊದಲ ಚಿತ್ರಕ್ಕೆ ಕಾಡಿನ ಒಳಗಿನ ಹುಲಿಗಿಂತ ಕಾಡಂಚಿನ ಊರು ಆರಿಸಿಕೊಂಡರೆ ಈ ತಾಪತ್ರಯ ಇಲ್ಲ. ಕಥೆಯೂ ಅಲ್ಲೇ ಜಾಸ್ತಿ.

ಜನರ ಒಪ್ಪಿಗೆ ಬೇರೆ. ಸಹಿ ಹಾಕಿಸುವುದೋ, ಕ್ಯಾಮೆರಾ ಮುಂದೆ ಬಾಯಿಮಾತಿನಲ್ಲಿ ಹೇಳಿಸುವುದೋ? ಚಿತ್ರೋತ್ಸವಕ್ಕೋ ಟಿವಿಗೋ ಕೊಡುವುದಾದರೆ ಸಹಿ ಇರುವ ಕಾಗದ ಕೇಳುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಎರಡು ಪುಟ ಅಚ್ಚು ಹಾಕಿಸಿ "ಇಲ್ಲೊಂದು ಸೈನ್ ಹಾಕಿ" ಅಂದರೆ ಜಮೀನಿನ ಪತ್ರವೇನೋ ಅಂತ ಹೆದರುತ್ತಾರೆ, ಹೆದರುವುದು ಸರಿ ಕೂಡ. ಕನ್ನಡದಲ್ಲಿ ಐದಾರು ಸಾಲು ಸಾಕು. ಓದಿ ಹೇಳಿ, ಎಲ್ಲಿ ತೋರಿಸುತ್ತೀರಿ ಅಂತ ವಿವರಿಸಿ, ಅದನ್ನು ಒಪ್ಪಿದ್ದನ್ನು ಬಾಯಿಮಾತಿನಲ್ಲೂ ರೆಕಾರ್ಡ್ ಮಾಡಿ. ಎರಡೂ ಇರಲಿ. ಮಕ್ಕಳಿದ್ದರೆ ಹೆತ್ತವರ ಒಪ್ಪಿಗೆ ಕೇಳಬೇಕು.

ದೈವಾರಾಧನೆಯಂಥ ಕಡೆ ಒಬ್ಬರು ಹೂಂ ಅಂದರೆ ಆಗುವುದಿಲ್ಲ. ನರ್ತಕರು, ಮನೆತನದವರು, ಊರಿನ ಹಿರಿಯರು ಎಲ್ಲರ ಮಾತೂ ಬೇಕು. ಎಲ್ಲಿ ಕ್ಯಾಮೆರಾ ಆಫ್ ಮಾಡಬೇಕು ಅಂತ ಅವರೇ ಹೇಳುತ್ತಾರೆ. ಅವರು ಬೇಡ ಅಂದ ಕ್ಷಣವೇ ನಿಮ್ಮ ಚಿತ್ರದ ಅತಿ ಮುಖ್ಯ ದೃಶ್ಯ ಅಂತ ನಿಮಗೆ ಅನ್ನಿಸಬಹುದು. ಆದರೂ ಬಿಡಿ. ಹಾಗೆಯೇ ಅಪರೂಪದ ಗಿಡ, ಜೇನುಬಂಡೆ, ಗೂಡು ಇರುವ ಜಾಗದ ಸರಿಯಾದ ಗುರುತು ಚಿತ್ರದಲ್ಲಿ ಬರಬಾರದು. ಫೋನಿನ ಲೊಕೇಷನ್ ಕೂಡ ಆಫ್ ಮಾಡಿಡಿ.

ಎಡಿಟಿಂಗ್ ಮೇಜಿನಲ್ಲಿ ಕನ್ನಡ

ದಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಇಂಥ ಚಿತ್ರಕ್ಕೆ ಧಾರಾಳ ಸಾಕು, ಕಂಪ್ಯೂಟರ್ ಮಾತ್ರ ಸ್ವಲ್ಪ ಗಟ್ಟಿ ಇರಬೇಕು. ಸಾಧಾರಣ ಲ್ಯಾಪ್‌ಟಾಪ್ ಆದರೆ ಫೋನಿನ ಆ್ಯಪ್‌ನಲ್ಲೇ ಐದಾರು ನಿಮಿಷದ ಚಿತ್ರ ಮುಗಿಸಬಹುದು. ನಿಜವಾದ ತಲೆನೋವು ಕನ್ನಡ ಅಕ್ಷರದ್ದು. ಎಷ್ಟೋ ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದುಹೋಗಿ "ಅಮ್ಮ" ಅನ್ನುವುದು "ಅಮ್‌ಮ" ಆಗಿ ಕೂತಿರುತ್ತದೆ. ಅಡೋಬಿಯ ಪ್ರೀಮಿಯರ್‌ನಲ್ಲಾದರೆ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆ ಟೆಕ್ಸ್ಟ್ ಎಂಜಿನ್ ಇದೆ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಬೇಕು. ಹಳಬರು ನುಡಿಯ ಹಳೆಯ ಫಾಂಟ್ ಹಾಕಿ ಹೇಗೋ ದಾಟಿಸುತ್ತಾರೆ. ಟೈಟಲ್ ಕಾರ್ಡಿಗೆ ಅದು ಆದೀತು, ಸಬ್‌ಟೈಟಲ್ ಫೈಲಿಗೆ ಆಗದು. ಎಸ್‌ಆರ್‌ಟಿ ಅನ್ನುವ ಆ ಸಬ್‌ಟೈಟಲ್ ಫೈಲ್ ಯೂನಿಕೋಡ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಅಕ್ಷರದ ಕಸ ಕಾಣುತ್ತದೆ.

ಕನ್ನಡಕ್ಕೆ ಕನ್ನಡ ಸಬ್‌ಟೈಟಲ್ ಬೇಕಾ? ಬೇಕು ಅನ್ನುತ್ತೇನೆ. ಕುಂದಾಪುರದ ಮಾತು ಕಲಬುರ್ಗಿಯವರಿಗೆ, ಉತ್ತರ ಕನ್ನಡದ ಹಾಲಕ್ಕಿ ಸಮುದಾಯದವರ ಮಾತು ಮೈಸೂರಿನವರಿಗೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ ಆದರಂತೂ ಕೇಳುವುದೇ ಬೇಡ. ಆದರೆ ಅವರ ಮಾತನ್ನು ಪಾಠಪುಸ್ತಕದ ಭಾಷೆಗೆ ತಿದ್ದಿ ಕೆಳಗೆ ಹಾಕಬೇಡಿ. ಅರ್ಥವಾಗುವ ಪದ ಇದ್ದರೆ ಅವರದನ್ನೇ ಇಡಿ.

ಸಂಗೀತದ ವಿಷಯಕ್ಕೆ ಒಂದು ಎಚ್ಚರಿಕೆ. ಜಾತ್ರೆಯ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕಿರುತ್ತಾರೆ. ನೀವು ಬಳೆ ಅಂಗಡಿ ಶೂಟ್ ಮಾಡಿದರೂ ಹಿಂದೆ ಆ ಹಾಡು ಇರುತ್ತದೆ. ಯೂಟ್ಯೂಬ್ ಅದನ್ನು ಪತ್ತೆ ಹಚ್ಚಿ ಹಕ್ಕುಸ್ವಾಮ್ಯದ ನೋಟಿಸ್ ಕಳಿಸುತ್ತದೆ. ಹಾಡು ನಿಂತ ಹೊತ್ತಿನ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡರೆ ಬದುಕಿದಿರಿ.

ದುಡ್ಡು ಎಲ್ಲಿಂದ

ಕೈಯಿಂದ ಹಾಕಿದರೆ ಯಾರ ಮಾತೂ ಕೇಳಬೇಕಾಗಿಲ್ಲ. ಮೊದಲ ಚಿತ್ರಕ್ಕೆ ಇದೇ ಸರಿ, ಬಸ್ ಚಾರ್ಜು, ಊಟ, ಒಂದು ಮೈಕು ಇಷ್ಟರಲ್ಲಿ ಮುಗಿಸಿ. ಎರಡನೆಯದಕ್ಕೆ ಅನುದಾನ ಕೇಳಬಹುದು. ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕಲೆಯ ಸಂಶೋಧನೆಗೆ, ಪ್ರಯೋಗಕ್ಕೆ ನೆರವು ಕೊಡುತ್ತದೆ. ಆದರೆ ಅನುದಾನ ಕೊಡುವವರು ಯಾರೇ ಆಗಲಿ ಮೊದಲು ಕೇಳುವುದು ಹಿಂದಿನ ಕೆಲಸ, ಅದಕ್ಕಾಗಿ ಆ ಕೈಯಿಂದ ಹಾಕಿದ ಮೊದಲ ಚಿತ್ರ ಇರಬೇಕು.

ಸ್ವಯಂಸೇವಾ ಸಂಸ್ಥೆಗಳು, ಕಂಪನಿಗಳ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ದುಡ್ಡು ಕೊಡುವ) ವಿಭಾಗಗಳು ಕೆರೆ, ಶಾಲೆ, ಮಹಿಳಾ ಸಂಘದ ಬಗ್ಗೆ ಚಿತ್ರ ಮಾಡಿಸುತ್ತವೆ. ಕೈತುಂಬ ಸಂಬಳ, ಅನುಭವವೂ ಆಗುತ್ತದೆ. ಆದರೆ ಕೆರೆಗಿಂತ ಕೆರೆ ಏರಿಯ ಮೇಲಿನ ಬೋರ್ಡು ಎಷ್ಟು ಹೊತ್ತು ಕಾಣಬೇಕು ಅನ್ನುವುದರ ಮೇಲೆ ಚರ್ಚೆ ನಡೆಯುತ್ತದೆ. ಇಂಥ ಕೆಲಸ ಹಿಡಿಯುವಾಗ ಒಂದು ಮಾತು ಮೊದಲೇ ಬರೆದಿಟ್ಟುಕೊಳ್ಳಿ: ಉಳಿದ ಫುಟೇಜನ್ನು ನನ್ನ ಸ್ವಂತ ಚಿತ್ರಕ್ಕೆ ಬಳಸಲು ಹಕ್ಕಿರಬೇಕು. ಇದಕ್ಕೆ ಒಪ್ಪುವವರು ಇದ್ದಾರೆ.

ಮುಗಿದ ಮೇಲೆ ಎಲ್ಲಿಗೆ

ಯೂಟ್ಯೂಬ್‌ಗೆ ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ಒಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿದ ಚಿತ್ರವನ್ನು ಕೆಲವು ಚಿತ್ರೋತ್ಸವಗಳು ತಗೊಳ್ಳುವುದಿಲ್ಲ. ಡಾಕ್ಯುಮೆಂಟರಿಗೆಂದೇ ಇರುವ ದೊಡ್ಡ ಉತ್ಸವಗಳು ನಮಗೆ ದೂರವೇನಲ್ಲ. 1990ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. ಕೇರಳ ಚಲಚ್ಚಿತ್ರ ಅಕಾಡೆಮಿ ತಿರುವನಂತಪುರದಲ್ಲಿ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಇದೆ. ಪರಿಸರದ ಚಿತ್ರಗಳಿಗೆ ದಿಲ್ಲಿಯ ವಾತಾವರಣ್ ಉತ್ಸವ ಇದೆ. ಇಂಗ್ಲಿಷ್ ಸಬ್‌ಟೈಟಲ್ ಸಿದ್ಧ ಇಟ್ಟುಕೊಂಡೇ ಕಳಿಸಿ. ಅರ್ಜಿ ಶುಲ್ಕ ಕೇಳುವ, ಹೆಸರು ಕೇಳಿರದ ಆನ್‌ಲೈನ್ ಉತ್ಸವಗಳ ಪ್ರಶಸ್ತಿ ಚಿಹ್ನೆಗಳಿಗೆ ಮರುಳಾಗಬೇಡಿ. ಪೋಸ್ಟರಿನ ಮೇಲೆ ಎಲೆಗಳ ಹಾರ ಜಾಸ್ತಿಯಾಗುತ್ತದೆ, ನೋಡಿದವರು ಯಾರೂ ಇರುವುದಿಲ್ಲ.

ಜನರನ್ನು ಮುಟ್ಟುವುದೇ ಗುರಿ, ವಿಷಯ ತುರ್ತಿನದು (ಕೆರೆ ಒತ್ತುವರಿ ನಡೆಯುತ್ತಿದೆ ಅನ್ನಿ) ಅಂದರೆ ಉತ್ಸವ ಕಾಯುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ನೇರ ಯೂಟ್ಯೂಬ್‌ಗೆ ಹಾಕಿ, ವಾಟ್ಸ್ಆ್ಯಪ್‌ನಲ್ಲಿ ಹರಿಯುವಂತೆ ಒಂದು ನಿಮಿಷದ ತುಣುಕನ್ನೂ ಮಾಡಿ.

ಉತ್ಸವ, ಯೂಟ್ಯೂಬ್ ಎರಡಕ್ಕಿಂತಲೂ ಮುಂಚೆ ಊರಿನ ಪ್ರದರ್ಶನ. ಶಾಲೆಯ ಪ್ರೊಜೆಕ್ಟರ್, ಬಿಳಿ ಪಂಚೆ, ದೇವಸ್ಥಾನದ ಅಂಗಳ ಸಾಕು. ಅಂತಿಮ ಪ್ರತಿ ತೆಗೆಯುವ ಮುಂಚೆಯೇ ಇದನ್ನು ಮಾಡಬೇಕು, ಆಮೇಲಲ್ಲ. ತಮ್ಮನ್ನು ಪರದೆ ಮೇಲೆ ಕಂಡು ಜನ ನಗುತ್ತಾರೆ, ಮೊದಲ ಸಲ ಚಿತ್ರ ನೋಡುವುದೇ ಇಲ್ಲ. ಎರಡನೆಯ ಸಲ ಹಾಕಿ. ಆಗ "ಆ ಒಡ್ಡಿನ ಹೆಸರು ಅದಲ್ಲ", "ಅವಳ ಮಾತು ಅರ್ಧಕ್ಕೆ ತುಂಡಾಗಿದೆ" ಅಂತ ಹೇಳಲು ಶುರು ಮಾಡುತ್ತಾರೆ. ತಿದ್ದಲು ಟೈಮ್‌ಲೈನ್ ಇನ್ನೂ ನಿಮ್ಮ ಕೈಯಲ್ಲೇ ಇರುತ್ತದೆ.

ಚಿತ್ರ ಹತ್ತು ನಿಮಿಷದ್ದಾದರೂ ಫುಟೇಜ್ ಹತ್ತಾರು ಗಂಟೆಯದ್ದು ಉಳಿಯುತ್ತದೆ. ಜಾಗ ಸಾಲದು ಅಂತ ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಪೂರ್ತಿ ಸಂದರ್ಶನಗಳ, ಹಾಡುಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಯಾವ ಫೈಲಿನಲ್ಲಿ ಯಾರು, ಯಾವ ದಿನ ಅಂತ ಕನ್ನಡದಲ್ಲಿ ಪಟ್ಟಿ ಬರೆದು, ಆ ಮನೆಯವರಿಗೋ ಊರಿನ ಗ್ರಂಥಾಲಯಕ್ಕೋ ಕೊಟ್ಟು ಬನ್ನಿ.